ಹಗೇವಿನೊಳಗಿನ ವಿಸ್ಕಿ

ವಿಸ್ಕಿಯ ಬಗ್ಗೆ ನಾನು ಆಡಿದ ಮಾತಿಗೂ ಕುಡಿದ ವಿಸ್ಕಿಗೂ ತಾಳೆ ಹಾಕಿ ನೋಡಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಮಾತಾಡಿದ್ದು ಗಂಟೆಗಟ್ಟಲೆ. ಕುಡಿದದ್ದು ಒಂದು ಗುಟುಕು, ಅದೂ ಬಾಬಲೇಶ್ವರದ ಒಂದು ಬೇವಿನ ಮರದ ಕೆಳಗೆ, ಹಾಡಹಗಲಲ್ಲಿ, ತಲೆತುಂಬ ಸೆರಗು ಹೊದ್ದ ನಮ್ಮ ಸೋದರಮಾವನ ಹೆಂಡತಿಯ ಎದುರಿಗೆ. ಆದರೂ ಎಪ್ಪತ್ತರ ದಶಕದಲ್ಲಿ ನಮ್ಮ ಜಲನಗರದ ಓಣಿಯಲ್ಲಿ ಈ ವಿಷಯಕ್ಕೆ ನಾನೇ ಪಂಡಿತ. ಇದರಲ್ಲಿ ಆಶ್ಚರ್ಯವೇನಿಲ್ಲ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವನು. ಯುದ್ಧಗಳ ಬಗ್ಗೆ ಅಷ್ಟೊಂದು ಪಾಠ ಮಾಡಿದ ನಾನು ತರಕಾರಿ ಹೆಚ್ಚುವ ಚಾಕು ಬಿಟ್ಟರೆ ಬೇರೆ ಆಯುಧ ಹಿಡಿದವನಲ್ಲ.

ಹಳೆಯದು ಎಂದರೆ ಬೆರಗಾಗುವುದು ನಮ್ಮ ಊರಿನವರಿಗೆ ಸುಲಭವಲ್ಲ. ವಿಜಯಪುರ, ಆಗಿನ್ನೂ ಬಿಜಾಪುರ, ನೂರಾರು ವರ್ಷದ ಗೋಡೆಗೆ ಸೈಕಲ್ಲು ಆನಿಸಿಟ್ಟು ಚಹಾ ಕುಡಿಯಲು ಹೋಗುವ ಊರು. ಸುಲ್ತಾನರ ಕಾಲದ ಕಮಾನಿನ ಕೆಳಗೆ ಎಮ್ಮೆ ಕಟ್ಟಿ, ಅದು ಯಾವ ಕಾಲದ್ದೆಂದು ಕೇಳಿದರೆ ಎಮ್ಮೆಯ ವಯಸ್ಸು ಹೇಳುವ ಜನ ನಾವು. ಅಂಥಲ್ಲಿ ಯಾರಾದರೂ ಬಂದು ‘ಇದು ಇಪ್ಪತ್ತೈದು ವರ್ಷದ ವಿಸ್ಕಿ’ ಎಂದು ಪಿಸುಗುಟ್ಟಿದರೆ, ಪಾಪ, ಇನ್ನೂ ಮದುವೆ ಆಗಿಲ್ಲವೇ ಎಂದು ಕೇಳಬೇಕೆನಿಸುತ್ತದೆ.

ಆದರೆ ಸ್ವಲ್ಪ ಯೋಚಿಸಿ ನೋಡಿದರೆ ಆ ಪಿಸುಮಾತು ನಮಗೆ ಅಪರಿಚಿತವಲ್ಲ. ಜೋರಾಪುರ ಪೇಟೆಯ ಕಿರಾಣಿ ಅಂಗಡಿಯಲ್ಲಿ ಹೊಸ ಅಕ್ಕಿ ಕೇಳಿದರೆ ಅಂಗಡಿಯವನು ಕೂತಲ್ಲಿಂದಲೇ ಚೀಲದ ಕಡೆ ಕೈ ತೋರಿಸುತ್ತಿದ್ದ. ಹಳೇ ಅಕ್ಕಿ ಕೇಳಿದರೆ ಎದ್ದು ನಿಂತು ಒಳಗೆ ಹೋಗುತ್ತಿದ್ದ. ನಮ್ಮಜ್ಜಿ ಹಾಕಿದ್ದ ಲಿಂಬಿಕಾಯಿ ಉಪ್ಪಿನಕಾಯಿಯ ಭರಣಿಯೊಂದು ಅಟ್ಟದ ಮೇಲಿತ್ತು. ಹೋಳುಗಳು ಕಪ್ಪಗೆ ಕರಗಿ ಯಾವುದು ಸಿಪ್ಪೆ, ಯಾವುದು ರಸ ತಿಳಿಯದಂತಾಗಿತ್ತು. ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಮಾತ್ರ ಅದು ಕೆಳಗಿಳಿಯುತ್ತಿತ್ತು. ಅದರ ಆಸೆಗೆ ನಾನು ಎಷ್ಟೋ ಸಲ ಹೊಟ್ಟೆ ಹಿಡಿದುಕೊಂಡು ನರಳಿದ್ದೇನೆ. ಸ್ಕಾಟ್‌ಲೆಂಡಿನವರಿಗೆ ಇದೇ ಹುಚ್ಚು ಜವೆಗೋಧಿಯ ಮೇಲೆ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಕೆಲವು ಕಡೆ ಜೌಗುನೆಲದಿಂದ ಅಗೆದು ಒಣಗಿಸಿದ ಹುಲ್ಲುಮಣ್ಣಿನ ಹೊಗೆ ಹಾಕಿ, ಒಂದೇ ಭಟ್ಟಿಯಲ್ಲಿ ಇಳಿಸಿ, ಬೇರೆ ಏನನ್ನೂ ಬೆರೆಸದೆ ಓಕ್ ಮರದ ಪೀಪಾಯಿಗೆ ತುಂಬಿ ಮರೆತುಬಿಡುತ್ತಾರೆ. ಅದಕ್ಕೆ ಸಿಂಗಲ್ ಮಾಲ್ಟ್ ಎಂದು ಹೆಸರು. ಹತ್ತು ಹನ್ನೆರಡು ವರ್ಷಕ್ಕೆ ನೆನಪಾದರೆ ಒಳ್ಳೆಯದು, ಇಪ್ಪತ್ತೈದಕ್ಕೆ ನೆನಪಾದರೆ ಅಪರೂಪ. ಅಷ್ಟರೊಳಗೆ ಪೀಪಾಯಿಯಿಂದ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಗಾಳಿಗೆ ಹಾರಿಹೋಗುತ್ತದೆ. ಅದು ದೇವದೂತರ ಪಾಲು ಎಂದು ಅಲ್ಲಿಯವರು ಸಮಾಧಾನ ಮಾಡಿಕೊಳ್ಳುತ್ತಾರಂತೆ. ಇದನ್ನು ನಾನು ಒಮ್ಮೆ ನಮ್ಮ ನೀಲಮ್ಮ ಅತ್ತೆಗೆ ವಿವರಿಸಿದೆ. ಅವಳು ಜೋಳ ಕೇರುವುದನ್ನು ನಿಲ್ಲಿಸದೆಯೇ, ಹಂಗಾದರೆ ಅವರ ಮನೆಯಲ್ಲೂ ಇಲಿ ಇವೆ ಅನ್ನು, ಎಂದಳು.

ಈ ಅತ್ತೆಯ ಗಂಡ, ನನ್ನ ಸೋದರಮಾವ ಗುರಪಾದಪ್ಪ, ಮಿಲಿಟರಿಯಲ್ಲಿದ್ದವನು. ಬಂದೂಕು ಹಿಡಿದದ್ದು ಮೊದಲ ಕೆಲವು ವರ್ಷ ಮಾತ್ರ. ಉಳಿದ ಸರ್ವಿಸ್ಸೆಲ್ಲ ಆಫೀಸರರ ಮೆಸ್ಸಿನಲ್ಲಿ. ಬಿಳಿ ಕೈಗವಸು ಹಾಕಿಕೊಂಡು, ಬೆಳ್ಳಿಯ ತಟ್ಟೆ ಹಿಡಿದು, ಕರ್ನಲ್ಲರಿಗೂ ಅವರ ಅತಿಥಿಗಳಿಗೂ ವಿಸ್ಕಿ ಸುರಿಯುವುದು ಅವನ ಕೆಲಸ. ಸುರಿಯುವವನು ಕುಡಿಯುವಂತಿಲ್ಲ. ಆದರೆ ಮೂಗಿಗೆ ಯಾವ ಕಾಯಿದೆ ಹಾಕಲು ಬರುತ್ತದೆ? ಬಾಟ್ಲಿಯ ಬೂಚು ತೆಗೆದಾಗ ಬರುವ ಮೊದಲ ವಾಸನೆ ಕರ್ನಲ್ಲರಿಗಿಂತ ಮುಂಚೆ ಅವನಿಗೆ ಸಿಗುತ್ತಿತ್ತು. ಎಲ್ಲರೂ ಎದ್ದು ಹೋದ ಮೇಲೆ ಖಾಲಿ ಗ್ಲಾಸುಗಳನ್ನು ತೊಳೆಯುವ ಮುಂಚೆ ಒಂದೊಂದನ್ನೇ ಮೂಸಿ ನೋಡುತ್ತಿದ್ದನಂತೆ. ಯಾವುದು ಹೊಸದು, ಯಾವುದು ಹಳೆಯದು, ಯಾವುದರಲ್ಲಿ ಹೊಗೆ, ಯಾವುದರಲ್ಲಿ ಜೇನು, ಎಲ್ಲ ಹೇಳುತ್ತಿದ್ದ. ನಾಲಿಗೆಗೆ ಒಂದು ತೊಟ್ಟೂ ತಾಗಿಸದೆ ವಿಸ್ಕಿಯ ಮೋಹಕ್ಕೆ ಬಿದ್ದ ಮನುಷ್ಯ ನನಗೆ ಗೊತ್ತಿದ್ದ ಮಟ್ಟಿಗೆ ಅವನೊಬ್ಬನೇ.

ನಿವೃತ್ತನಾಗಿ ಹೊರಟ ದಿನ ಕರ್ನಲ್ಲರು ಅವನ ಕೈಗೆ ಒಂದು ಬಾಟ್ಲಿ ಕೊಟ್ಟರು. ಮೇಲೆ ಒಂದು ಉದ್ದನೆಯ ಸ್ಕಾಚ್ ಹೆಸರು, ಅದರ ಕೆಳಗೆ ಇಪ್ಪತ್ತೈದು ವರ್ಷ ಎಂದು. ‘ಇಷ್ಟು ವರ್ಷ ಮೂಸಿದಿ, ಇನ್ನು ಕುಡಿ’ ಎಂದು ಕರ್ನಲ್ಲರು ನಕ್ಕರಂತೆ. ಅವರಿಗೆ ಎಲ್ಲ ಗೊತ್ತಿತ್ತು.

ಮಾವ ಆ ಬಾಟ್ಲಿಯನ್ನು ಟ್ರಂಕಿನೊಳಗೆ ಉಣ್ಣೆಯ ಸ್ವೆಟರಿನಲ್ಲಿ ಸುತ್ತಿ ಬಾಬಲೇಶ್ವರಕ್ಕೆ ತಂದ. ಅತ್ತೆ ಹೊಸ್ತಿಲಲ್ಲೇ ತಡೆದಳು. ಅತ್ತೆಯದು ಗಟ್ಟಿ ನೇಮದ ಮನೆ. ಬೆಳಿಗ್ಗೆ ಎದ್ದು ಲಿಂಗಪೂಜೆಯಾಗದೆ ಒಲೆ ಹೊತ್ತಿಸುವವಳಲ್ಲ. ಗಂಡ ಬಂದದ್ದು ಸಂತೋಷ, ಬಾಟ್ಲಿ ಒಳಗೆ ಬರುವಂತಿಲ್ಲ ಎಂದುಬಿಟ್ಟಳು. ಜಗಳವಾಗಲಿಲ್ಲ. ಮಿಲಿಟರಿಯಲ್ಲಿ ಇಪ್ಪತ್ತೇಳು ವರ್ಷ ಕಳೆದವನಿಗೆ ಯಾವ ಆಜ್ಞೆ ಮೀರಬಹುದು, ಯಾವುದು ಮೀರಬಾರದು ಎಂಬುದು ತಿಳಿದಿರುತ್ತದೆ. ಹಾಗಾಗಿ ಬಾಟ್ಲಿಯನ್ನು ಹಳೆಯ ಕೌದಿಯ ತುಂಡಿನಲ್ಲಿ ಸುತ್ತಿ, ಗಡಿಗೆಯೊಳಗಿಟ್ಟು, ಹಗೇವಿನಲ್ಲಿ ಇಳಿಸಿದರು.

ಹಗೇವು ನೋಡದವರಿಗೆ ಎರಡು ಮಾತು ಹೇಳಬೇಕು. ಅದು ನೆಲದೊಳಗಿನ ಜೋಳದ ಕಣಜ. ಮನೆಯ ಮುಂದೆ ಮನುಷ್ಯ ಇಳಿಯುವಷ್ಟು ಬಾಯಿ. ಒಳಗೆ ಇಳಿದರೆ ದೊಡ್ಡ ಹೊಟ್ಟೆ. ಸುತ್ತ ಜೋಳದ ಒಣ ದಂಟಿನ ಕಣಿಕೆ ಹೊದಿಸಿ, ಜೋಳ ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ಮೇಲೆ ಎತ್ತುಗಾಡಿಗಳು ಹೋಗುತ್ತವೆ, ಮಕ್ಕಳು ಗೋಲಿ ಆಡುತ್ತಾರೆ. ಕೆಳಗೆ ಒಂದು ಮನೆತನದ ಅನ್ನ ಕತ್ತಲಲ್ಲಿ ಮಲಗಿರುತ್ತದೆ. ವರ್ಷಕ್ಕೊಮ್ಮೆ ಬಾಯಿ ತೆಗೆದರೆ ಒಳಗಿನ ಕಾವು ಮುಖಕ್ಕೆ ಬಡಿಯುತ್ತದೆ. ಒಳಗಿನ ಕೆಟ್ಟ ಗಾಳಿಗೆ ಹೆದರಿ ಆಗಲೇ ಯಾರೂ ಇಳಿಯುವುದಿಲ್ಲ. ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಾನೆ.

ಇಲ್ಲಿಂದ ನಮ್ಮ ಮಾವನ ದೊಡ್ಡ ತಪ್ಪು ಶುರುವಾಯಿತು. ಅಂಥ ತಪ್ಪು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು. ಜೋಳ ಹಗೇವಿನಲ್ಲಿ ಹಳತಾಗುತ್ತದೆ, ಬೆಲ್ಲ ಗಡಿಗೆಯಲ್ಲಿ ಹಳತಾಗುತ್ತದೆ, ಆದ್ದರಿಂದ ಗಡಿಗೆಯೊಳಗಿಟ್ಟು ಹಗೇವಿಗಿಳಿಸಿದ ವಿಸ್ಕಿ ಎರಡು ಪಟ್ಟು ಹಳತಾಗುತ್ತದೆ ಎಂದು ಅವನು ನಂಬಿಬಿಟ್ಟ. ವರ್ಷಕ್ಕೊಮ್ಮೆ ಹಗೇವು ತೆಗೆದಾಗ ಜೋಳಕ್ಕಿಂತ ಮುಂಚೆ ಗಡಿಗೆ ಮೇಲೆ ಬರುತ್ತಿತ್ತು. ಕೌದಿ ಬಿಚ್ಚಿ, ಬಾಟ್ಲಿಯನ್ನು ಬಿಸಿಲಿಗೆ ಹಿಡಿದು, ಮದುವೆಗೆ ಬಂದ ಮಗಳ ವಯಸ್ಸು ಹೇಳುವವನ ಹಾಗೆ ‘ಈಗ ಇಪ್ಪತ್ತೆಂಟು’, ‘ಈಗ ಇಪ್ಪತ್ತೊಂಬತ್ತು’ ಎನ್ನುತ್ತಿದ್ದ. ಮತ್ತೆ ಸುತ್ತಿ ಇಳಿಸುತ್ತಿದ್ದ. ಯಾವಾಗ ತೆಗೆಯುತ್ತೀ ಎಂದರೆ, ಇನ್ನಷ್ಟು ಹಣ್ಣಾಗಲಿ ಎಂಬ ಉತ್ತರ ಸಿದ್ಧವಿತ್ತು.

ಈ ಸುದ್ದಿ ನಾನು ಅಥಣಿ ರಸ್ತೆಯ ಇಂಜಿನಿಯರರಿಗೆ ಹೇಳಿದೆ. ಅವರು ನಿವೃತ್ತರು, ನನ್ನ ಹಾಗೆ ವಾಚನಾಲಯದ ಹುಳ. ಅವರ ಬೈಠಕ್ ಖೋಲಿಯ ಕಿಟಕಿಯಲ್ಲಿ ಪರದೇಶದ ವಿಸ್ಕಿಯ ಖಾಲಿ ಬಾಟ್ಲಿಗಳು ಸಾಲಾಗಿ ನಿಂತಿದ್ದವು. ಒಂದೆರಡರಲ್ಲಿ ಅವರ ಹೆಂಡತಿ ಬಳ್ಳಿ ಹಬ್ಬಿಸಿದ್ದರು, ಉಳಿದವನ್ನು ಇವರು ಮುಟ್ಟಗೊಡುತ್ತಿರಲಿಲ್ಲ. ಹಗೇವಿನ ಮಾತು ಕೇಳಿ ಅವರಿಗೆ ಒಂದು ವಾರ ನಿದ್ದೆ ಬರಲಿಲ್ಲವಂತೆ. ಮುಂದಿನ ಸಲ ಹಗೇವು ತೆಗೆಯುವಾಗ ನನ್ನ ಜೊತೆ ಬಸ್ಸು ಹತ್ತಿ ಬಂದರು. ಬಾಟ್ಲಿ ಕೈಗೆ ತೆಗೆದುಕೊಳ್ಳುವ ಮುಂಚೆ ಚಪ್ಪಲಿ ಕಳಚಿ ಬದಿಗಿಟ್ಟರು. ಅದರ ಹೆಸರನ್ನು ಸ್ಪಷ್ಟವಾಗಿ ಮೂರು ಸಲ ಓದಿದರು. ಅತ್ತೆ ದೂರದಿಂದ ನೋಡಿ, ಪೂಜೆ ಮುಗಿದಿದ್ದರೆ ಜೋಳದ ಚೀಲ ಹಿಡಿಯಲು ಯಾರಾದರೂ ಬರುತ್ತೀರಾ ಎಂದು ಕೇಳಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಇಂಜಿನಿಯರರು ಕಿಟಕಿಯ ಪಕ್ಕ ಕೂತರು. ಆಮೇಲೆ ನನ್ನ ಕಡೆ ಬಾಗಿದರು.

“ಗಾಜಿನ್ಯಾಗ ಅದಕ್ಕ ವಯಸ್ಸ ಆಗಂಗಿಲ್ಲರಿ. ಕಟಗಿ ಪೀಪಾಯಿ ಬಿಟ್ಟ ದಿನನ ಅದರ ಬೆಳವಣಗಿ ನಿಂತಿರತೈತಿ. ಹಗೇದಾಗ ನೂರ ವರ್ಷ ಇಟ್ರೂ ಅದು ಇಪ್ಪತ್ತೈದ.”

ಮಾವನಿಗೆ ಹೇಳೋಣವೇ ಎಂದು ನಾನು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಬಾಟ್ಲಿಯನ್ನು ಬಿಸಿಲಿಗೆ ಹಿಡಿದಾಗಿನ ಮಾವನ ಮುಖ ಅವರೂ ನೋಡಿದ್ದರು. ಬೇಡ ಬಿಡಿ ಎಂದರು. ಸತ್ಯಕ್ಕೆ ಅವಸರ ಇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇತಿಹಾಸದ ಮಾಸ್ತರರು ಹೀಗೆ ಎಷ್ಟೋ ಸಂಗತಿಗಳನ್ನು ಮುಂದಕ್ಕೆ ಹಾಕಿ ಅಭ್ಯಾಸ ಮಾಡಿಕೊಂಡಿರುತ್ತಾರೆ.

ಅದಾದ ಮಳೆಗಾಲದಲ್ಲಿ ಮಾವನಿಗೆ ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ನೆಗಡಿ ಹೋಯಿತು, ಆದರೆ ಹೋಗುವಾಗ ಅವನ ಮೂಗಿನ ಶಕ್ತಿಯನ್ನು ಕಟ್ಟಿಕೊಂಡು ಹೋಯಿತು. ಅದು ತಿಳಿದದ್ದು ಹಾಲಿನಿಂದ. ಒಲೆಗೆ ಬೆನ್ನು ಮಾಡಿ ಮೈ ಕಾಯಿಸಿಕೊಳ್ಳುತ್ತ ಕೂತಿದ್ದಾನೆ, ಹಿಂದೆಯೇ ಹಾಲು ಉಕ್ಕಿ, ತಳ ಹತ್ತಿ, ಓಣಿಯ ತುದಿಯವರಿಗೂ ವಾಸನೆ ಹೋಗಿದೆ. ಇವನಿಗೆ ಸುದ್ದಿಯೇ ಇಲ್ಲ. ಅತ್ತೆ ಹಿತ್ತಲಿಂದ ಓಡಿ ಬಂದು ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಹಾಲಿನ ಪಾತ್ರೆ ಕೆಳಗಿಳಿಸಿದಳು.

ಡಾಕ್ಟರು ವಾಸನೆ ಮತ್ತೆ ಬರಬಹುದು ಎಂದರು, ಬರದೆಯೂ ಇರಬಹುದು ಎಂದರು. ಟಿಕೋಟಾದ ಹುಸೇನಸಾಬರು ಮಾತ್ರ ಬಂದೇ ಬರುತ್ತದೆ ಎಂದರು. ಅವರು ಮಾವನ ಜೊತೆ ಒಂದೇ ಪಲ್ಟಣದಲ್ಲಿದ್ದವರು, ಈಗ ಊರಲ್ಲಿ ಹೊಲ, ಸ್ವಲ್ಪ ದ್ರಾಕ್ಷಿ ಮಾಡಿಕೊಂಡಿದ್ದವರು. ವಿಸ್ಕಿ ಮುಟ್ಟುವವರಲ್ಲ, ಆದರೆ ಅತ್ತರಿನ ಶೋಕಿ ಇತ್ತು. ಪ್ರತಿ ಸಂತೆಯ ಮಾರನೇ ದಿನ ಸೈಕಲ್ಲು ಹೊಡೆದುಕೊಂಡು ಬಾಬಲೇಶ್ವರಕ್ಕೆ ಬಂದು, ಕಿವಿಯ ಸಂದಿಯಿಂದ ಅತ್ತರಿನ ಹತ್ತಿಯ ಉಂಡೆ ತೆಗೆದು ಮಾವನ ಮೂಗಿಗೆ ಹಿಡಿಯುತ್ತಿದ್ದರು. ಒಮ್ಮೆ ಗುಲಾಬಿ, ಒಮ್ಮೆ ಕೇದಿಗೆ, ಒಮ್ಮೆ ಲಾವಂಚದ ಖಸ್. ಮಾವ ಎದೆತುಂಬ ಉಸಿರೆಳೆದು, ಇಲ್ಲ ಎಂದು ತಲೆಯಾಡಿಸುತ್ತಿದ್ದ. ಹುಸೇನಸಾಬರು ಹತ್ತಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಬೆಳೆಯ ಮಾತು ಎತ್ತುತ್ತಿದ್ದರು.

ವಾಸನೆ ಇಲ್ಲದ ಮನುಷ್ಯನ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಕಣ್ಣು ಹೋದರೆ ಕೈ ಹಿಡಿಯುತ್ತೇವೆ, ಮೂಗು ಹೋದರೆ ನಗುತ್ತೇವೆ. ಮಾವ ಊಟಕ್ಕೆ ಕೂತರೆ ರೊಟ್ಟಿ ಮುರಿದು ಬಾಯಿಗಿಟ್ಟು ಅಗಿಯುತ್ತಿದ್ದ, ಅಷ್ಟೆ. ಹಾಗಿದ್ದವನು ಹೀಗಾದನಲ್ಲ ಎಂದು ನನಗೆ ತುಂಬ ಸಂಕಟವಾಗುತ್ತಿತ್ತು. ಮತ್ತೆ ಹಗೇವು ತೆಗೆಯುವ ಕಾಲ ಬಂದಾಗ ಅವನು ನನಗೆ ಹೇಳಿಕಳಿಸಿದ: ಬಂದು ಆ ಬಾಟ್ಲಿ ಒಯ್ದು ನಿಮ್ಮ ಇಂಜಿನಿಯರರಿಗೆ ಕೊಟ್ಟುಬಿಡು, ಅವರಿಗಾದರೂ ಮೂಗಿದೆ.

ನಾನು ಹೋದೆ. ಇಂಜಿನಿಯರರು ಬಸ್‌ಸ್ಟ್ಯಾಂಡಿನವರೆಗೆ ಬಂದು, ತಿರುಗಿ ಬರುವಾಗ ಬಾಟ್ಲಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಬರಬೇಕೆಂದು ಎರಡೆರಡು ಸಲ ಹೇಳಿ ಕಳಿಸಿದ್ದರು. ಹುಸೇನಸಾಬರೂ ಬಂದಿದ್ದರು. ಹಾಸುಗಲ್ಲು ಸರಿಸಿದರು, ಕಾವು ಹೋಗಲು ಬಿಟ್ಟರು, ಕಂದೀಲು ಇಳಿಸಿದರು. ಗಡಿಗೆ ಮೇಲೆ ಬಂತು. ಈ ಸಲ ಮಾವ ಬಾಟ್ಲಿಯನ್ನು ಬಿಸಿಲಿಗೆ ಹಿಡಿಯಲಿಲ್ಲ, ವಯಸ್ಸೂ ಹೇಳಲಿಲ್ಲ. ಕೌದಿ ಸಮೇತ ನನ್ನ ಕೈಗಿಟ್ಟ. ನಾನು ಅದನ್ನು ಚೀಲಕ್ಕೆ ಹಾಕಲು ಬಗ್ಗಿದೆ.

ಆಗ ಅತ್ತೆ ಮೊರ ಕೆಳಗಿಟ್ಟು ಎದ್ದಳು.

“ಇಷ್ಟ ವರ್ಷ ನನ್ನ ಜ್ವಾಳದಾಗ ಮಲಗೇತಿ ಅದು. ಏನೈತಿ ಅನ್ನೂದು ನೋಡದ ಕೊಟ್ಟ ಕಳಸ್ತೀರೇನು? ತಗೀರಿ ಅದನ್ನ.”

ಮಾವ ಬೇಡವೆಂದ. ತೆಗೆದರೆ ತನಗೇನು ತಿಳಿಯುತ್ತದೆ ಎಂದ. ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಅವಳು ನಿಂತ ರೀತಿ ನೋಡಿ ಹುಸೇನಸಾಬರು ತಾವೇ ಬಾಟ್ಲಿ ಇಸಿದುಕೊಂಡು ಮೇಲಿನ ಸೀಲು ಕಿತ್ತರು. ಕರ್ನಲ್ಲರ ಕಾಲದ ಬೂಚು ಹಗೇವಿನ ಕಾವಿಗೆ ಒಣಗಿ ಪುಡಿಪುಡಿಯಾಗಿ ಅರ್ಧ ಒಳಗೇ ಬಿತ್ತು. ಮೂವರು ಗಂಡಸರೂ ಕೈಕೈ ಹಿಸುಕಿಕೊಂಡೆವು. ಅತ್ತೆ ಒಳಗೆ ಹೋಗಿ ತೊಳೆದಿಟ್ಟ ಧೋತರದ ತುಂಡು ತಂದಳು. ಮನೆಯ ಲೋಟ ಕೊಡಲು ಮನಸ್ಸಾಗಲಿಲ್ಲವೇನೋ, ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಚಹಾದ ಗ್ಲಾಸು ತರಿಸಿದಳು. ಬೇವಿನ ಕಟ್ಟೆಯ ಮೇಲೆ ಕೂತು, ಮುಖ ಆಚೆ ತಿರುಗಿಸಿಕೊಂಡು, ತುಪ್ಪ ಸೋಸುವ ಹಾಗೆ ಎರಡು ಬೆರಳಷ್ಟು ಸೋಸಿದಳು.

ಮಾವ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದ. ಮೆಸ್ಸಿನಲ್ಲಿ ಹಿಡಿಯುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ. ಮೂಗಿನ ಹತ್ತಿರ ಒಯ್ದು ಕಣ್ಣು ಮುಚ್ಚಿದ. ನಾವು ಕಾದೆವು. ಮತ್ತೊಮ್ಮೆ ಉಸಿರೆಳೆದ. ಆಮೇಲೆ ಕಣ್ಣು ಬಿಟ್ಟು, ಗ್ಲಾಸನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. ಹುಸೇನಸಾಬರು ಎತ್ತಿನ ಕಡೆ ನೋಡತೊಡಗಿದರು. ನನಗೂ ಎಲ್ಲಾದರೂ ಬೇರೆ ಕಡೆ ನೋಡಬೇಕಿತ್ತು, ಹಗೇವಿನ ಬಾಯಿ ನೋಡಿದೆ.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು. ಆ ಗ್ಲಾಸನ್ನು ಎತ್ತಿಕೊಂಡಳು. ಯಾವುದನ್ನು ಮನೆಯ ಹೊಸ್ತಿಲು ದಾಟಗೊಡಲಿಲ್ಲವೋ ಅದನ್ನು ತನ್ನ ಮೂಗಿಗೇ ಹಿಡಿದುಕೊಂಡಳು.

“ತಡೀರಿ, ನಾ ಹೇಳ್ತೀನಿ” ಎಂದಳು. “ಮೊದ್ಲ ಹೊಗಿ ಬಂತು. ಕುಳ್ಳಿನ ಹೊಗಿ ಅಲ್ಲ. ಹೊಲದಾಗ ಸೀತನಿ ಸುಡೂಮುಂದ ಬರತೈತಲ್ಲ, ಹಸಿ ತೆನಿ ಹೊಗಿ, ಅದು.”

ಮಾವ ತಲೆ ಎತ್ತಿದ. ಅವಳು ಮತ್ತೆ ಮೂಸಿದಳು. ಹೊಗೆಯ ಹಿಂದೆ ಬೆಲ್ಲವಿದೆ ಎಂದಳು, ಗಡಿಗೆಯಲ್ಲಿಟ್ಟು ಕಪ್ಪಾದ ಬೆಲ್ಲ. ಅದರ ಜೊತೆ ಹುಸೇನಣ್ಣನ ಮನೆಯ ಒಣದ್ರಾಕ್ಷಿ. ಇನ್ನೇನು ಎಂದು ಮಾವ ಕೇಳಿದ. ಅತ್ತೆ ಕಣ್ಣು ಮುಚ್ಚಿ ಗ್ಲಾಸನ್ನು ಇನ್ನಷ್ಟು ಹತ್ತಿರ ತಂದಳು.

“ನಮ್ಮವ್ವನ ಸಂದೂಕ ತಗದಂಗ ಆಗತೈತ್ರಿ. ಸಾಗವಾನಿ ಸಂದೂಕ. ತಳದಾಗ ಇಳಕಲ್ಲ ಸೀರಿ, ಎಷ್ಟೋ ವರ್ಷ ಉಟ್ಟಿರಂಗಿಲ್ಲ. ಮುಚ್ಚಳ ತಗದ ಕೂಡ್ಲೆ ಒಂದ ವಾಸನಿ ಬರತೈತಿ ನೋಡ್ರಿ, ಕಟಗಿ, ಸೀರಿ ಅರಬಿ, ಎಲ್ಲಾ ಕೂಡಿ.”

“ಕಟಗಿ,” ಎಂದ ಮಾವ. “ಹೌದು. ಅದ. ಅದ ವಾಸನಿ.”

ಅವನ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅತ್ತೆ ಗ್ಲಾಸು ಅವನ ಕೈಗೆ ಕೊಟ್ಟಳು. ಮಾವ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಅವಳು ಹೇಳಿದ ಒಂದೊಂದನ್ನೂ ನಾಲಿಗೆಯ ಮೇಲೆ ಹುಡುಕುವವನಂತೆ ಕೂತ. ನನಗೂ ಒಂದು ಗುಟುಕು ಸಿಕ್ಕಿತು. ಹುಸೇನಸಾಬರು ಚಹಾ ಕುಡಿದರು. ನನ್ನ ಪಾಂಡಿತ್ಯದ ಪ್ರಕಾರ ನನಗೆ ಅದರಲ್ಲಿ ಏನೇನೋ ತಿಳಿಯಬೇಕಿತ್ತು. ಗಂಟಲು ಉರಿಯಿತು, ಆಮೇಲೆ ಒಣದ್ರಾಕ್ಷಿ, ಆಮೇಲೆ ಅತ್ತೆಯ ಅವ್ವನ ಸಂದೂಕ. ಆ ಸಂದೂಕವನ್ನು ನಾನು ಕಣ್ಣಿಂದ ಕಂಡವನೇ ಅಲ್ಲ.

ಪುಡಿಯಾದ ಬೂಚಿನ ಬದಲು ಮಾವ ಜೋಳದ ದಂಟಿನ ಬೆಂಡು ಕೆತ್ತಿ, ಮೇಣ ಹಚ್ಚಿ ಬಾಟ್ಲಿಯ ಬಾಯಿಗೆ ಒತ್ತಿದ. ನಾನು ಚೀಲ ಮುಂದೆ ಹಿಡಿದೆ. ಅತ್ತೆ ಚೀಲದ ಕಡೆ ನೋಡಲೂ ಇಲ್ಲ. ನೀನು ಕಲಿತವನು, ಹೇಳು, ಇದನ್ನು ಇನ್ನೂ ಒಂದು ವರ್ಷ ಹಗೇವಿನಲ್ಲಿಟ್ಟರೆ ವಾಸನೆ ಬೇರೆ ಆಗುತ್ತದೆಯೇ ಎಂದು ಕೇಳಿದಳು. ಇಂಜಿನಿಯರರ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಮಾವ ನನ್ನನ್ನೇ ನೋಡುತ್ತಿದ್ದ.

“ಆಗತೈತಿ ಅತ್ತಿ” ಎಂದೆ.

ಆವತ್ತು ನಾನು ಬಿಜಾಪುರಕ್ಕೆ ತಂದದ್ದು ಒಂದು ಚೀಲ ಹಗೇವಿನ ಜೋಳ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಇಂಜಿನಿಯರರಿಗೆ ಅರ್ಧ ಕೊಟ್ಟೆ. ಅವರು ಚೀಲದೊಳಗೆ ಕೈ ಹಾಕಿ ಹುಡುಕಿದ್ದನ್ನು ನೆನೆದರೆ ಈಗಲೂ ಪಾಪ ಎನಿಸುತ್ತದೆ. ಎಲ್ಲವನ್ನೂ ಹೇಳಿದೆ. ಕೇಳಿ, ಸಿಟ್ಟು ಮಾಡಿಕೊಳ್ಳದೆ, ಮುಂದಿನ ವರ್ಷ ನನ್ನನ್ನೂ ಕರೆಯಿರಿ ಎಂದರು.

ಆ ಒಂದು ವರ್ಷದಲ್ಲಿ ಬಾಬಲೇಶ್ವರದ ಆ ಮನೆಯ ಊಟದ ರೀತಿಯೇ ಬದಲಾಯಿತು. ಅತ್ತೆ ತಾಟು ಇಡುವ ಮುಂಚೆ ವಾಸನೆ ಬಡಿಸುತ್ತಿದ್ದಳು. ಇವತ್ತು ಮೆಂತ್ಯ ಸ್ವಲ್ಪ ಕರಕಾಗಿದೆ, ಬೆಳ್ಳುಳ್ಳಿ ಮುಂದೆ ಬಂದಿದೆ, ಅಗಸಿ ಹಿಂಡಿಯ ಚಟ್ನಿ ಹೊಸದು ಎಂದು ಹೇಳಿ ತಾಟು ಇಡುವಳು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರಿಬ್ಬರು ಅಷ್ಟು ಮಾತಾಡಿದ್ದು ಯಾರೂ ಕೇಳಿರಲಿಲ್ಲ. ಮಾವನಿಗೆ ರೊಟ್ಟಿ ಸೇರತೊಡಗಿತು. ಹುಸೇನಸಾಬರು ಅತ್ತರು ತರುವುದನ್ನು ಬಿಡಲಿಲ್ಲ. ಹತ್ತಿಯನ್ನು ಮೊದಲು ಅವನ ಮೂಗಿಗೆ ಹಿಡಿದು, ಆಮೇಲೆ ಹೆಸರು ಹೇಳಿ ಎಂದು ಅತ್ತೆಯ ಕೈಗೆ ಕೊಡುತ್ತಿದ್ದರು.

ಮರುವರ್ಷ ಹಗೇವು ತೆಗೆದಾಗ ಇಂಜಿನಿಯರರೂ ಕಟ್ಟೆಯ ಮೇಲೆ ಕೂತಿದ್ದರು, ಚಪ್ಪಲಿ ಕಳಚಿ. ಅತ್ತೆ ಬೆಂಡಿನ ಬೂಚು ತೆಗೆದು, ಸುರಿದು, ಮೂಸಿ, ಈ ಸಲ ಯಾಲಕ್ಕಿ ಬಂದಿದೆ ನೋಡಿ ಎಂದಳು. ಹೋದ ವರ್ಷ ಇರಲಿಲ್ಲ. ಮಾವ ಹಿಗ್ಗಿದ, ನಾನು ಹೇಳಲಿಲ್ಲವೇ, ಹಗೇವಿನಲ್ಲಿ ಹಣ್ಣಾಗುತ್ತದೆ ಎಂದ. ನಾನು ಇಂಜಿನಿಯರರ ಕಡೆ ನೋಡಿದೆ. ಅವರು ಗ್ಲಾಸು ತೆಗೆದುಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು.

“ಹೌದ್ರಿ ಅಕ್ಕಾರ,” ಎಂದರು, “ಯಾಲಕ್ಕಿ ಐತಿ.”

ತಿರುಗಿ ಬರುವ ಬಸ್ಸಿನಲ್ಲಿ ಅವರು ಗಾಜಿನ ಮಾತು ಎತ್ತಲಿಲ್ಲ. ಮುಂದಿನ ಸಲ ಹಗೇವು ಯಾವಾಗ ತೆಗೆಯುತ್ತಾರೆ ಎಂದಷ್ಟೇ ಕೇಳಿದರು.